ಮುಚ್ಚಿಟ್ಟ ಹೆಸರು, ಮುಗಿಯದ ಚರ್ಚೆ: ಪ್ರಿನ್ಸ್ ಮತ್ತು ಮ್ಯಾಡ್‌ಹೌಸ್

ಲಯದ ಬಿಗಿಯೇ ಜೀವಾಳವಾದ ಅಮೆರಿಕದ ಫಂಕ್ ಸಂಗೀತದ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬರಾದ ಪ್ರಿನ್ಸ್ 2016ರ ಏಪ್ರಿಲ್ 21ರಂದು ತೀರಿಕೊಂಡರು. ಅವರ ಅಭಿಮಾನಿಗಳ ನಡುವೆ ಅದಕ್ಕೂ ಎಷ್ಟೋ ಮೊದಲು ಹುಟ್ಟಿದ ಒಂದು ವಾದ ಮಾತ್ರ ಇಂದಿಗೂ ತಣ್ಣಗಾಗಿಲ್ಲ. 1987ರ ಜನವರಿಯಲ್ಲಿ, ಅದುವರೆಗೆ ಯಾರೂ ಕೇಳಿರದ 'ಮ್ಯಾಡ್‌ಹೌಸ್' ಎಂಬ ಬ್ಯಾಂಡಿನ ಹೆಸರಿನಲ್ಲಿ '8' ಎಂಬ ಆಲ್ಬಂ ಹೊರಬಂತು. ಅದರಲ್ಲಿ ಹಾಡುಗಳಿಲ್ಲ, ಇರುವುದು ಎಂಟು ವಾದ್ಯರಚನೆಗಳು ಮಾತ್ರ. ಆ ರಚನೆಗಳಿಗೆ ಶೀರ್ಷಿಕೆಗಳೂ ಇಲ್ಲ. 'ಒನ್'ನಿಂದ 'ಎಯ್ಟ್'ವರೆಗೆ ಬರೀ ಸಂಖ್ಯೆಗಳಿವೆ. ಆ ಆಲ್ಬಮ್ಮಿನ ಬಹುಪಾಲು ವಾದ್ಯಗಳನ್ನು ನುಡಿಸಿದವರು ಪ್ರಿನ್ಸ್ ಎಂಬುದು ಈಗ ಗುಟ್ಟಾಗಿ ಉಳಿದಿಲ್ಲ. ಆದರೆ ಅದು ನಿಜಕ್ಕೂ ಒಳ್ಳೆಯ ಆಲ್ಬಮ್ಮೇ, ಅದನ್ನು ಜಾಝ್ ಎನ್ನಬಹುದೇ, ಅದನ್ನು ಪ್ರಿನ್ಸ್ ಅವರ ಲೆಕ್ಕಕ್ಕೇ ಸೇರಿಸಬೇಕೇ ಎಂಬ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಗುಣದ ಬಗ್ಗೆ ಒಬ್ಬರು ಕೇಳಿದರೆ ಇನ್ನೊಬ್ಬರು ಹೆಸರಿನ ಬಗ್ಗೆ ಉತ್ತರಿಸುತ್ತಾರೆ. ಈ ಗೋಜಲನ್ನು ಬಿಡಿಸಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಫಂಕ್ ಲೋಕದಲ್ಲಿ ಮುಖ್ಯ ಕಲಾವಿದನೊಬ್ಬ ಬೇರೆ ಹೆಸರಿನಲ್ಲಿ ಆಲ್ಬಂ ತರುವುದು ಹೊಸ ಸಂಗತಿಯೇನಲ್ಲ. 1960ರ ದಶಕದ ನಡುವೆ ರೆಕಾರ್ಡ್ ಕಂಪನಿಯೊಂದಿಗಿನ ಕಾನೂನು ತಕರಾರಿನಿಂದಾಗಿ ಫಂಕ್ ಹಾಡುಗಾರ ಜೇಮ್ಸ್ ಬ್ರೌನ್ ಇನ್ನೊಂದು ಕಂಪನಿಗೆ ಹಾಡುವಂತಿರಲಿಲ್ಲ. ಹಾಗಾಗಿ ಅಲ್ಲಿ ಅವರು ಆರ್ಗನ್ ನುಡಿಸಿ ವಾದ್ಯಸಂಗೀತದ ಆಲ್ಬಂಗಳನ್ನು ತಂದರು. ಮುಂದೆ ಅವರ ಪಕ್ಕವಾದ್ಯದ ತಂಡವೇ 'ದ ಜೆ.ಬಿ.ಸ್' ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. 1970ರ ದಶಕದಲ್ಲಿ ಜಾರ್ಜ್ ಕ್ಲಿಂಟನ್ ಹೆಚ್ಚುಕಡಿಮೆ ಅದೇ ಕಲಾವಿದರನ್ನು ಇಟ್ಟುಕೊಂಡು ಒಂದು ಕಂಪನಿಗೆ 'ಪಾರ್ಲಮೆಂಟ್' ಆಗಿ, ಇನ್ನೊಂದಕ್ಕೆ 'ಫಂಕಡೆಲಿಕ್' ಆಗಿ ಸಂಗೀತ ಕೊಟ್ಟರು. ಆ ಬಳಗದಿಂದಲೇ ಬೂಟ್ಸಿ ಕಾಲಿನ್ಸ್ ಅವರ ಬ್ಯಾಂಡ್ ಕೂಡ ಹುಟ್ಟಿತು. ಈ ಪರಂಪರೆಯನ್ನು ಪ್ರಿನ್ಸ್ ಚೆನ್ನಾಗಿ ಬಲ್ಲವರಾಗಿದ್ದರು. 1997ರಲ್ಲಿ ಪಾರ್ಲಮೆಂಟ್-ಫಂಕಡೆಲಿಕ್ ಬಳಗವನ್ನು ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಬರಮಾಡಿಕೊಂಡವರು ಅವರೇ.

ಆದರೆ ಪ್ರಿನ್ಸ್ ಅವರ ರೀತಿ ಬೇರೆಯಾಗಿತ್ತು. ಕ್ಲಿಂಟನ್ ಅವರದು ಗುಂಪಿನ ಸಂಗೀತವಾದರೆ ಪ್ರಿನ್ಸ್ ಅವರದು ಒಬ್ಬನೇ ಕೂತು ಗುಂಪನ್ನು ಕಟ್ಟುವ ಕೆಲಸ. 1978ರ ಮೊದಲ ಆಲ್ಬಮ್ಮಿನಿಂದಲೇ ಎಲ್ಲ ವಾದ್ಯಗಳನ್ನೂ ತಾವೇ ನುಡಿಸುವುದು ಅವರಿಗೆ ರೂಢಿಯಾಗಿತ್ತು. 1981ರಲ್ಲಿ 'ದ ಟೈಮ್' ಎಂಬ ಬ್ಯಾಂಡಿನ ಮೊದಲ ಆಲ್ಬಂ ಬಂದಾಗ ಅದರ ವಾದ್ಯಗಳಲ್ಲಿ ಹೆಚ್ಚಿನವನ್ನು ನುಡಿಸಿದವರು ಅವರೇ. ಆ ಬ್ಯಾಂಡಿನ ಹಾಡುಗಾರ ಮಾರಿಸ್ ಡೇ ಹಾಡಿದ್ದು ಪ್ರಿನ್ಸ್ ಮೊದಲೇ ಹಾಡಿಟ್ಟಿದ್ದ ಮಾದರಿಯನ್ನು ಕೇಳಿಕೊಂಡು. ಹೊದಿಕೆಯ ಮೇಲೆ ಮಾತ್ರ 'ಜೇಮೀ ಸ್ಟಾರ್' ಎಂಬ ನಿರ್ಮಾಪಕನ ಹೆಸರಿತ್ತು. ಆ ವ್ಯಕ್ತಿ ತಾನಲ್ಲ ಎಂದೇ ಪ್ರಿನ್ಸ್ ಆಗ ಹೇಳುತ್ತಿದ್ದರು. ಆಮೇಲೆ 'ವ್ಯಾನಿಟಿ 6' ಎಂಬ ಗಾಯಕಿಯರ ತಂಡ ಬಂತು. ಪ್ರಿನ್ಸ್ ಬರೆದುಕೊಟ್ಟ ಹಾಡುಗಳಲ್ಲಿ, ಗಾಯಕಿ ಶೀನಾ ಈಸ್ಟನ್ ಅವರ ಹಾಡೊಂದರ ರಚನಕಾರನಾಗಿ 'ಅಲೆಕ್ಸಾಂಡರ್ ನೆವರ್‌ಮೈಂಡ್' ಎಂಬ ಹೆಸರು, ಬ್ಯಾಂಗಲ್ಸ್ ಬ್ಯಾಂಡಿನ ಹಾಡಿನ ರಚನಕಾರನಾಗಿ 'ಕ್ರಿಸ್ಟೋಫರ್' ಎಂಬ ಹೆಸರು ಬಂದವು. 1985ರ ಆಗಸ್ಟ್‌ನಲ್ಲಿ 'ದ ಫ್ಯಾಮಿಲಿ' ಎಂಬ ಬ್ಯಾಂಡಿನ ಏಕೈಕ ಆಲ್ಬಂ ಬಂದು ಹೆಚ್ಚು ಸದ್ದು ಮಾಡದೆ ಹಿಂದೆ ಸರಿಯಿತು. ಅದರಲ್ಲಿದ್ದ 'ನಥಿಂಗ್ ಕಂಪೇರ್ಸ್ ಟು ಯು' ಎಂಬ ಹಾಡನ್ನು 1990ರಲ್ಲಿ ಶಿನೇಡ್ ಓ'ಕಾನರ್ ಹಾಡಿ ಜಗತ್ತೆಲ್ಲ ಗುನುಗುವಂತೆ ಮಾಡಿದಾಗಲೂ ಅದರ ಮೂಲ ಯಾವುದೆಂದು ಬಹಳ ಕೇಳುಗರಿಗೆ ತಿಳಿದಿರಲಿಲ್ಲ.

ನಮ್ಮ ಕಥೆಗೆ 'ದ ಫ್ಯಾಮಿಲಿ' ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. ಆ ಆಲ್ಬಮ್ಮಿನ ಮೂಲಕವೇ ಎರಿಕ್ ಲೀಡ್ಸ್ ಎಂಬ ಸ್ಯಾಕ್ಸೊಫೋನ್ ವಾದಕ ಪ್ರಿನ್ಸ್ ಅವರ ಬಳಗಕ್ಕೆ ಬಂದರು. ಅವರ ಅಣ್ಣ ಆ್ಯಲನ್ ಲೀಡ್ಸ್ ಮೊದಲು ಜೇಮ್ಸ್ ಬ್ರೌನ್ ಅವರ ಬಳಿ, ಆಮೇಲೆ ಪ್ರಿನ್ಸ್ ಅವರ ಬಳಿ ಪ್ರವಾಸದ ವ್ಯವಸ್ಥೆ ನೋಡಿಕೊಂಡವರು. ಎರಿಕ್ ಅವರ ಕಿವಿಯಲ್ಲಿ ಜೇಮ್ಸ್ ಬ್ರೌನ್ ಬ್ಯಾಂಡಿನ ಕೊಂಬುವಾದ್ಯಗಳೂ ಇದ್ದವು, ಜಾಝ್ ಕೂಡ ಇತ್ತು. ಪ್ರಿನ್ಸ್ ಅವರ ತಂದೆ ಜಾನ್ ಎಲ್. ನೆಲ್ಸನ್ ಸ್ವತಃ ಜಾಝ್ ಪಿಯಾನೊ ವಾದಕರಾಗಿದ್ದರು. ಆದರೂ ಪ್ರಿನ್ಸ್ ಅವರ ಅದುವರೆಗಿನ ಆಲ್ಬಂಗಳಲ್ಲಿ ಸ್ಯಾಕ್ಸೊಫೋನಿಗೆ ಹೇಳಿಕೊಳ್ಳುವಂಥ ಜಾಗವಿರಲಿಲ್ಲ. ಲೀಡ್ಸ್ ಬಂದ ಮೇಲೆ ಆ ಜಾಗ ತಾನಾಗಿ ತೆರೆದುಕೊಂಡಿತು. 1985ರ ಕೊನೆ ಮತ್ತು 1986ರ ಆರಂಭದಲ್ಲಿ ಪ್ರಿನ್ಸ್, ಲೀಡ್ಸ್, ಡ್ರಮ್ಸ್ ವಾದಕಿ ಶೀಲಾ ಇ. ಮೊದಲಾದವರು ಸೇರಿ 'ದ ಫ್ಲೆಶ್' ಎಂಬ ಹೆಸರಿನಲ್ಲಿ ಗಂಟೆಗಟ್ಟಲೆ ಮನೋಧರ್ಮದ ವಾದನ ನಡೆಸಿ ಧ್ವನಿಮುದ್ರಿಸಿಕೊಂಡರು. ಆ ಆಲ್ಬಂ ಬಿಡುಗಡೆಯಾಗಲಿಲ್ಲ. ಅದರಿಂದ ಹುಟ್ಟಿದ ಹಸಿವು ಮಾತ್ರ ಉಳಿಯಿತು.

1986ರ ಸೆಪ್ಟೆಂಬರ್ ಆರಂಭದಲ್ಲಿ ಪ್ರಿನ್ಸ್ ಮತ್ತು ಅವರ ಬ್ಯಾಂಡ್ 'ದ ರೆವಲ್ಯೂಷನ್' ಜಪಾನಿನ ಯೊಕೊಹಾಮಾದಲ್ಲಿ ಪ್ರವಾಸ ಮುಗಿಸಿದವು. ಅಕ್ಟೋಬರ್‌ನಲ್ಲಿ ಆ ಬ್ಯಾಂಡೇ ವಿಸರ್ಜನೆಯಾಯಿತು. ಈ ಎರಡು ಘಟನೆಗಳ ನಡುವಿನ ಕಿರಿದಾದ ಸಂದಿಯಲ್ಲಿ, ಸೆಪ್ಟೆಂಬರ್ 28ರಿಂದ ಅಕ್ಟೋಬರ್ 1ರವರೆಗಿನ ನಾಲ್ಕು ದಿನಗಳಲ್ಲಿ, ಮಿನೆಸೋಟಾದ ಚಾನ್ಹ್ಯಾಸನ್‌ನಲ್ಲಿದ್ದ ಪ್ರಿನ್ಸ್ ಅವರ ಮನೆಯ ಸ್ಟುಡಿಯೊದಲ್ಲಿ '8' ಸಿದ್ಧವಾಯಿತು. ಮುಂದೆ ಅವರ ಕೇಂದ್ರವಾದ ಪೇಸ್ಲಿ ಪಾರ್ಕ್ ಸ್ಟುಡಿಯೊ ಆಗಿನ್ನೂ ತೆರೆದಿರಲಿಲ್ಲ. ಪ್ರಿನ್ಸ್ ಒಂದೊಂದಾಗಿ ಡ್ರಮ್ಸ್, ಬೇಸ್, ಕೀಬೋರ್ಡ್‌ಗಳನ್ನು ನುಡಿಸಿ ಪದರ ಪದರವಾಗಿ ತಳಪಾಯ ಹಾಕಿದರು. ಅದರ ಮೇಲೆ ಲೀಡ್ಸ್ ಬಂದು ಸ್ಯಾಕ್ಸೊಫೋನ್ ಮತ್ತು ಕೊಳಲನ್ನು ಸೇರಿಸಿದರು. ಒಂದು ಬ್ಯಾಂಡ್ ಒಡೆಯುತ್ತಿದ್ದ ಹೊತ್ತಿನಲ್ಲಿಯೇ ಇಬ್ಬರೇ ಕೂತು ಇಲ್ಲದ ಬ್ಯಾಂಡೊಂದನ್ನು ಸೃಷ್ಟಿಸಿದರು ಎಂಬುದನ್ನು ನೆನಪಿಟ್ಟುಕೊಂಡು ಕೇಳಿದರೆ ಈ ಸಂಗೀತದ ಒಳಗಿನ ಒಂಟಿತನ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ.

ಆಲ್ಬಂ ಮಾರುಕಟ್ಟೆಗೆ ಬಂದಾಗ ಹೊದಿಕೆಯ ಮೇಲೆ ಇದ್ದದ್ದು ಚುಕ್ಕೆಗಳ ಉಡುಗೆ ತೊಟ್ಟ ರೂಪದರ್ಶಿಯೊಬ್ಬಳು ಮತ್ತು ಒಂದು ನಾಯಿಮರಿ. ಪ್ರಿನ್ಸ್ ಅವರ ಚಿತ್ರ ಎಲ್ಲಿಯೂ ಇರಲಿಲ್ಲ. ಪತ್ರಿಕೆಗಳಿಗೆ ಕಾಲ್ಪನಿಕ ವಾದಕರ ಹೆಸರುಗಳನ್ನು ಕೊಡಲಾಯಿತು. ಇದು ನಿಜವಾದ ಬ್ಯಾಂಡ್ ಎಂದೇ ಹೇಳುವ ಹೊಣೆ ಲೀಡ್ಸ್ ಅವರ ಹೆಗಲಿಗೆ ಬಿತ್ತು. ಇಷ್ಟಾದರೂ 'ಸಿಕ್ಸ್' ಎಂಬ ರಚನೆ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ, ಕಪ್ಪು ಜನರ ಸಂಗೀತದ ಸಿಂಗಲ್ಸ್ (ಬಿಡಿ ರಚನೆಗಳ) ಪಟ್ಟಿಯಲ್ಲಿ 5ನೇ ಸ್ಥಾನದವರೆಗೆ ಏರಿತು. ಹಾಡಿನ ಸಾಲಿಲ್ಲದ, ತಾರೆಯ ಹೆಸರಿಲ್ಲದ ಒಂದು ವಾದ್ಯರಚನೆ ಅಲ್ಲಿಗೆ ಮುಟ್ಟಿದ್ದು ಸಣ್ಣ ಮಾತಲ್ಲ, ಮತ್ತು ಚರ್ಚೆಯಲ್ಲಿ ಈ ಅಂಶಕ್ಕೆ ಸಲ್ಲಬೇಕಾದ ತೂಕ ಸಲ್ಲುತ್ತಿಲ್ಲ.

ಆಕ್ಷೇಪಗಳಲ್ಲಿ ಮೊದಲನೆಯದು ಜಾಝ್ ಬಲ್ಲ ಕೇಳುಗರದು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಮ್ಮ ಕಚೇರಿಯಲ್ಲಿ ಮೃದಂಗದವರು ಹಾಡುಗಾರರ ಮುಂದಿನ ಸಂಗತಿಯನ್ನು ಕಿವಿಗೊಟ್ಟು ಹಿಡಿದು ಆ ಕ್ಷಣವೇ ಉತ್ತರ ಕೊಡುವಂತೆ, ಜಾಝ್‌ನಲ್ಲಿಯೂ ವಾದಕರು ಒಬ್ಬರನ್ನೊಬ್ಬರು ಕೇಳುತ್ತ, ತಿದ್ದುತ್ತ, ಕೆಣಕುತ್ತ ಮುಂದುವರಿಯುತ್ತಾರೆ. '8'ರಲ್ಲಿ ಡ್ರಮ್ಸ್ ಮೊದಲೇ ಟೇಪಿಗೆ ಬಿದ್ದಾಗಿದೆ; ಲೀಡ್ಸ್ ಎಷ್ಟೇ ಚೆನ್ನಾಗಿ ಪ್ರಶ್ನೆ ಕೇಳಿದರೂ ಅದು ಉತ್ತರ ಬದಲಿಸುವುದಿಲ್ಲ. ಸಂವಾದವೇ ಇಲ್ಲದಿದ್ದ ಮೇಲೆ ಇದು ಜಾಝ್ ಹೇಗಾದೀತು ಎಂಬುದು ಅವರ ವಾದ. ಎರಡನೆಯ ಆಕ್ಷೇಪ ಫಂಕ್ ಪ್ರಿಯರದು. ಪ್ರಿನ್ಸ್ ಎಂದರೆ ಅವರಿಗೆ ಆ ಧ್ವನಿ, ಆ ಗಿಟಾರ್. ಇಲ್ಲಿ ಧ್ವನಿಯಿಲ್ಲ, ಗಿಟಾರ್ ಹಿಂದೆ ಸರಿದಿದೆ. ಹಾಗಾಗಿ ಇದು ದೊಡ್ಡ ಕೆಲಸಗಳ ನಡುವಿನ ಬೆರಳಾಟವಷ್ಟೆ ಎಂದು ಅವರು ತೀರ್ಮಾನಿಸುತ್ತಾರೆ. ಕೆಲವೇ ತಿಂಗಳ ಅಂತರದಲ್ಲಿ 'ಸೈನ್ ಓ ದ ಟೈಮ್ಸ್' ಎಂಬ ಮಹತ್ವದ ಜೋಡಿ ಆಲ್ಬಂ ಬಂದದ್ದು ಈ ತೀರ್ಮಾನಕ್ಕೆ ಮತ್ತಷ್ಟು ಬಲ ಕೊಟ್ಟಿತು.

ಎರಡೂ ಗುಂಪಿನವರು ಆಲ್ಬಮ್ಮಿನಲ್ಲಿ ಇಲ್ಲದ್ದನ್ನು ಹುಡುಕುತ್ತಿರುವುದರಿಂದ ಇರುವುದು ಕೈತಪ್ಪಿ ಹೋಗುತ್ತದೆ. 'ಸಿಕ್ಸ್' ಅನ್ನೇ ಹತ್ತಿರದಿಂದ ಕೇಳಬಹುದು. ಸ್ಯಾಕ್ಸೊಫೋನ್ ಒಂದು ಚಿಕ್ಕ, ಮೊನಚಾದ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತದೆ. ಅದು ಬೆಳೆಯುವುದಿಲ್ಲ, ಬೆಳೆಯಬೇಕಾಗಿಯೂ ಇಲ್ಲ. ಏಕೆಂದರೆ ಇಲ್ಲಿ ಸ್ಯಾಕ್ಸೊಫೋನ್ ಹಾಡುಗಾರನ ಕೆಲಸವನ್ನಲ್ಲ, ತಾಳದ ಕೆಲಸವನ್ನು ಮಾಡುತ್ತಿದೆ. ಆವರ್ತನದ ಮೊದಲ ಪೆಟ್ಟಿಗೆ ಇಡೀ ಭಾರ ಹೊರಿಸುವ ಜೇಮ್ಸ್ ಬ್ರೌನ್ ಕ್ರಮವನ್ನು ಕಲಿತವರು ಮಾತ್ರ ಹೀಗೆ ನುಡಿಸಬಲ್ಲರು. ಅದಕ್ಕೆ ತದ್ವಿರುದ್ಧವಾಗಿ ಕೊನೆಯ 'ಎಯ್ಟ್' ಹತ್ತು ನಿಮಿಷ ಮೀರುವ, ಅವಸರವಿಲ್ಲದ ರಚನೆ. ನಡುವೆ ಒಂದು ನಿಮಿಷವನ್ನು ಸ್ವಲ್ಪವಷ್ಟೇ ದಾಟುವ 'ಫೈವ್' ಇದೆ. ಡ್ರಮ್ಸ್ ನುಡಿಸಿದ ಕೈಯೇ ಬೇಸ್ ಕೂಡ ನುಡಿಸಿರುವುದರಿಂದ ಎರಡರ ನಡುವೆ, ಒಬ್ಬನೇ ಮನುಷ್ಯನ ಎರಡು ಹೆಜ್ಜೆಗಳಲ್ಲಿರುವಂಥ ಹೊಂದಾಣಿಕೆ ಸಿದ್ಧಿಸಿದೆ. ಪ್ರಿನ್ಸ್ ಗಿಟಾರ್ ವಾದಕರೆಂದು ಹೆಸರಾದರು. ಅವರು ಎಂಥ ಡ್ರಮ್ಸ್ ವಾದಕರಾಗಿದ್ದರು ಎಂದು ತಿಳಿಯಬಯಸುವವರು '8' ಅನ್ನು ಬಿಟ್ಟು ಬೇರೆ ಕಡೆ ಹುಡುಕಬೇಕಾಗಿಲ್ಲ.

ಮುಂದಿನ ಬೆಳವಣಿಗೆಗಳು ಬೇಗ ಬೇಗ ನಡೆದವು. 1987ರ ಬೇಸಿಗೆಯ ಯುರೋಪ್ ಪ್ರವಾಸದಲ್ಲಿ ಮ್ಯಾಡ್‌ಹೌಸ್ ನಿಜವಾದ ಬ್ಯಾಂಡಾಗಿ ವೇದಿಕೆ ಹತ್ತಿ, ಪ್ರಿನ್ಸ್ ಅವರ ಕಾರ್ಯಕ್ರಮಕ್ಕೆ ಮುನ್ನ ನುಡಿಸಿತು. ಅದೇ ನವೆಂಬರ್‌ನಲ್ಲಿ 'ನೈನ್'ನಿಂದ 'ಸಿಕ್ಸ್‌ಟೀನ್'ವರೆಗಿನ ರಚನೆಗಳ '16' ಎಂಬ ಎರಡನೆಯ ಆಲ್ಬಂ ಬಂತು; ಅದರಲ್ಲಿ ಲೀಡ್ಸ್ ಅವರ ಜೊತೆಗೆ ಪ್ರಿನ್ಸ್ ಬ್ಯಾಂಡಿನ ವಾದಕರಾದ ಲೀವೈ ಸೀಸರ್ ಜೂನಿಯರ್, ಡಾಕ್ಟರ್ ಫಿಂಕ್, ಶೀಲಾ ಇ. ಕೂಡ ಇದ್ದರು. ಹೆಚ್ಚು ಜನ ನುಡಿಸಿದ್ದರಿಂದ ಅದು ಹೆಚ್ಚು ಗಟ್ಟಿಯಾಯಿತು ಎಂದು ಕೆಲವರೂ, ಮೊದಲನೆಯದರ ಬಿಗಿ ಸಡಿಲವಾಯಿತು ಎಂದು ಕೆಲವರೂ ಹೇಳುತ್ತಾರೆ. ಎರಡನೆಯ ಮಾತೇ ನಿಜಕ್ಕೆ ಹತ್ತಿರ. ಆ ವರ್ಷದ ಕೊನೆಯ ರಾತ್ರಿ ಪೇಸ್ಲಿ ಪಾರ್ಕ್‌ನಲ್ಲಿ ಮೈಲ್ಸ್ ಡೇವಿಸ್ ಪ್ರಿನ್ಸ್ ಅವರ ವೇದಿಕೆಗೆ ಬಂದು ನುಡಿಸಿದರು. ಜಾಝ್ ಲೋಕದ ಆ ಮಹಾನ್ ಕಲಾವಿದರಿಗೆ ಪ್ರಿನ್ಸ್ ಅವರ ಮೇಲಿದ್ದ ಗೌರವವು ಅಭಿಮಾನಿಗಳ ವಾದದಲ್ಲಿ ಪುರಾವೆಯಂತೆ ಬಳಕೆಯಾಗುತ್ತದೆ. ಆದರೆ ಮ್ಯಾಡ್‌ಹೌಸ್ ಆಲ್ಬಂಗಳ ಗುಣಾವಗುಣಗಳಿಗೆ ಅದು ಉತ್ತರವಾಗಲಾರದು.

'24' ಎಂಬ ಮೂರನೆಯ ಆಲ್ಬಂ ಎರಡೆರಡು ಬಾರಿ ಧ್ವನಿಮುದ್ರಣಗೊಂಡಿತು. 1980ರ ದಶಕದ ಕೊನೆಯ ಮೊದಲ ಪ್ರಯತ್ನದ ಕೆಲವು ಭಾಗಗಳು 1991ರಲ್ಲಿ ಲೀಡ್ಸ್ ಅವರ ಸ್ವಂತ ಹೆಸರಿನ 'ಟೈಮ್ಸ್ ಸ್ಕ್ವೇರ್ಡ್' ಆಲ್ಬಮ್ಮಿಗೆ ಸೇರಿದವು. 1993ರ ಎರಡನೆಯ ಪ್ರಯತ್ನದಿಂದ 'ಸೆವೆಂಟೀನ್' ಎಂಬ ಒಂದೇ ರಚನೆ ಮರುವರ್ಷ ಒಂದು ಸಂಕಲನದಲ್ಲಿ ಹೊರಬಂತು. ಆ ಹೊತ್ತಿಗೆ ಪ್ರಿನ್ಸ್ ತಮ್ಮ ಹೆಸರನ್ನೇ ಚಿಹ್ನೆಯೊಂದಕ್ಕೆ ಬದಲಿಸಿಕೊಂಡು ರೆಕಾರ್ಡ್ ಕಂಪನಿಯೊಂದಿಗೆ ಜಟಾಪಟಿಗೆ ಇಳಿದಿದ್ದರು. ಮ್ಯಾಡ್‌ಹೌಸ್ ಹಿನ್ನೆಲೆಗೆ ಸರಿಯಿತು. ಆಲ್ಬಂಗಳು ದಶಕಗಳ ಕಾಲ ಮರುಮುದ್ರಣ ಕಾಣಲಿಲ್ಲ. ಸಿಗದ ವಸ್ತುವಿಗೆ ಬೆಲೆ ಹೆಚ್ಚು; ಹಳೆಯ ಎಲ್‌ಪಿ ಕೈಗೆ ಸಿಕ್ಕಿದವರು ಅದನ್ನು ಅನರ್ಘ್ಯವೆಂದರು, ಕೇಳಲು ಸಿಗದವರು ಮಾತನ್ನು ನಂಬಿದರು ಅಥವಾ ಸಂಶಯಿಸಿದರು. ಚರ್ಚೆಯ ಒಂದು ದೊಡ್ಡ ಪಾಲು ಹೀಗೆ ಆಲ್ಬಂ ಕೇಳದೆಯೇ ನಡೆಯಿತು.

ಪ್ರಿನ್ಸ್ ಉಯಿಲು ಬರೆಯದೆ ತೀರಿಕೊಂಡ ಮೇಲೆ ಅವರ ಟೇಪುಗಳ ಭಂಡಾರ ಒಂದಿಷ್ಟು ತೆರೆದುಕೊಂಡಿತು. ಬೇರೆಯವರಿಗಾಗಿ ಅವರು ಹಾಡಿಟ್ಟಿದ್ದ ಮಾದರಿಗಳು 2019ರ 'ಒರಿಜಿನಲ್ಸ್' ಆಲ್ಬಮ್ಮಿನಲ್ಲಿ ಬಂದವು. 2020ರಲ್ಲಿ 'ಸೈನ್ ಓ ದ ಟೈಮ್ಸ್' ಮರುಬಿಡುಗಡೆಯಾದಾಗ ಅದುವರೆಗೆ ಹೊರಬರದಿದ್ದ 63 ಟ್ರ್ಯಾಕ್‌ಗಳು, ಮೈಲ್ಸ್ ಡೇವಿಸ್ ನುಡಿಸಿದ ಒಂದೂ ಸೇರಿದಂತೆ, ಬೆಳಕಿಗೆ ಬಂದವು. ಇದರಿಂದ ಹಳೆಯ ವಾದಕ್ಕೆ ಹೊಸ ತಿರುವು ಸಿಕ್ಕಿತು. ಸೈಡ್ ಪ್ರಾಜೆಕ್ಟ್‌ಗಳೆಲ್ಲವೂ ವಾಸ್ತವದಲ್ಲಿ ಪ್ರಿನ್ಸ್ ಅವರ ಆಲ್ಬಂಗಳೇ, ಬೇರೆ ಹೆಸರುಗಳು ಬರೀ ವೇಷ ಎಂಬ ಮಾತು ಬಲವಾಯಿತು.

'ದ ಟೈಮ್' ವಿಷಯದಲ್ಲಿ ಆ ಮಾತಿಗೆ ಸ್ವಲ್ಪ ಆಧಾರವಿದ್ದೀತು. ಮ್ಯಾಡ್‌ಹೌಸ್ ವಿಷಯದಲ್ಲಿ ಅದು ಅನ್ಯಾಯದ ಮಾತು. '8'ರಲ್ಲಿ ನಾವು ಹಾಡುಗಾರನನ್ನು ಕೇಳುವ ಜಾಗದಲ್ಲಿ ಕೇಳುವುದು ಲೀಡ್ಸ್ ಅವರನ್ನು. ರಾಗದ ಎಳೆ, ಉಸಿರು, ಎಲ್ಲಿ ನಿಲ್ಲಬೇಕೆಂಬ ವಿವೇಕ ಅವರದು. ಹೆಸರು ಮುಚ್ಚಿಟ್ಟಾಗ ಇಬ್ಬರೂ ಬ್ಯಾಂಡಿನ ಹೆಸರಿನ ಮರೆಯಲ್ಲಿದ್ದರು. ಗುಟ್ಟು ಹೊರಬಿದ್ದಾಗ ಒಂದೇ ಹೆಸರು ಮುಂದೆ ಬಂತು, ಏಕೆಂದರೆ ಎಲ್ಲರೂ ಹುಡುಕುತ್ತಿದ್ದದ್ದು ಆ ಒಂದೇ ಹೆಸರನ್ನು. ಇದು ಯಾರೋ ಬೇಕೆಂದು ಮಾಡಿದ ಕೆಲಸವಲ್ಲ. ತಾರಾಮೌಲ್ಯ ಇರುವಲ್ಲೆಲ್ಲ ಹೀಗಾಗುತ್ತದೆ. ಆದರೆ ಮೂವತ್ತು ವರ್ಷಗಳಿಂದ '8' ಅನ್ನು ಪ್ರಿನ್ಸ್ ಅವರ ಗುಪ್ತ ಜಾಝ್ ಆಲ್ಬಂ ಎಂದೇ ಕರೆಯುತ್ತ ಬಂದದ್ದರಿಂದ, ಅದನ್ನು ಇಬ್ಬರು ಕಲಾವಿದರ ಆಲ್ಬಂ ಎಂದು ಅಳೆಯುವ ಪ್ರಯತ್ನವೇ ಸರಿಯಾಗಿ ನಡೆದಿಲ್ಲ.

ಹೋಲಿಸಿ ನೋಡಲು ಒಂದು ದಾರಿ ಇದೆ. 2003ರಲ್ಲಿ ಪ್ರಿನ್ಸ್ ತಮ್ಮದೇ ಹೆಸರಿನಲ್ಲಿ 'ನ್ಯೂಸ್' ಎಂಬ ವಾದ್ಯಸಂಗೀತದ ಆಲ್ಬಂ ತಂದರು. ತಲಾ 14 ನಿಮಿಷದ ನಾಲ್ಕು ರಚನೆಗಳು, ಲೀಡ್ಸ್ ಸೇರಿದಂತೆ ಬ್ಯಾಂಡ್ ಇಡಿಯಾಗಿ ಕೂತು ಒಂದೇ ದಿನದಲ್ಲಿ ನುಡಿಸಿದ್ದು. ಜಾಝ್ ಬಲ್ಲವರು ಕೇಳುವ ಸಂವಾದ ಅಲ್ಲಿದೆ, ಪ್ರಿನ್ಸ್ ಅವರ ಗಿಟಾರೂ ಇದೆ, ಗ್ರ್ಯಾಮಿ ನಾಮನಿರ್ದೇಶನವೂ ಅದಕ್ಕೆ ಸಿಕ್ಕಿತು. '8'ರ ವಿರುದ್ಧ ಹೇಳುವ ಯಾವ ಆಕ್ಷೇಪವೂ ಅದಕ್ಕೆ ತಟ್ಟುವುದಿಲ್ಲ. ಎರಡನ್ನೂ ಒಂದಾದ ಮೇಲೊಂದು ಕೇಳಿದಾಗ, ನಾಲ್ಕು ದಿನಗಳಲ್ಲಿ ಇಬ್ಬರೇ ಪದರ ಪದರವಾಗಿ ಕಟ್ಟಿದ ಹಳೆಯ ಆಲ್ಬಮ್ಮಿನಲ್ಲಿಯೇ ಹೆಚ್ಚು ಜೀವವಿದೆ.