ಪಹಣಿ ಸುಟ್ಟರೆ ಹೊಲ ಸುಡುವುದಿಲ್ಲ

ಕೆಟ್ಟ ಹಾರ್ಡ್ ಡಿಸ್ಕನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆ ಇನ್ನೂ ಸತ್ತಿಲ್ಲ. ಹೊರಗೆ ತೆಗೆದ ಕೂಡಲೇ ಹನಿಗಟ್ಟುವ ತೇವ ಉಳಿದ ಜೀವವನ್ನೂ ತೆಗೆಯಬಲ್ಲದು. ಇದರ ಪಕ್ಕದಲ್ಲೇ, ತಾಂತ್ರಿಕ ವೇಷ ತೊಟ್ಟ ಇನ್ನೊಂದು ಮೂಢನಂಬಿಕೆ ಕುಳಿತಿದೆ: ಪಾರ್ಟಿಷನ್ ಟೇಬಲ್ (ಡಿಸ್ಕಿನ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಟ್ಟ ಪಟ್ಟಿ) ಕೆಟ್ಟಿತೆಂದರೆ ಫಾರ್ಮ್ಯಾಟ್ ಮಾಡದೆ ಗತಿಯಿಲ್ಲ! ಎಸ್‌ಎಸ್‌ಡಿಯಲ್ಲಿ ಈ ಮಾತು ಕೇಳಿದಿರೋ, ಕೆಟ್ಟಿರಿ. ಲಿನಕ್ಸಿನಲ್ಲಿ ಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂಗೆ (ಫೈಲುಗಳನ್ನು ಜೋಡಿಸಿಡುವ ಪದ್ಧತಿಗೆ) ಫಾರ್ಮ್ಯಾಟ್ ಮಾಡುವ ಪ್ರೋಗ್ರಾಂ 'ಈ ಜಾಗವೆಲ್ಲ ಖಾಲಿ' ಎಂದು ಡಿಸ್ಕಿಗೆ ತಾನಾಗಿಯೇ ಹೇಳಿಬಿಡುತ್ತದೆ. ಆಮೇಲೆ ಹುಡುಕಲು ಏನೂ ಉಳಿಯದು.

ಹಳೆಯ ಎಂಬಿಆರ್ ಪದ್ಧತಿಯಲ್ಲಿ ಈ ಟೇಬಲ್ಲಿನ ಗಾತ್ರ 64 ಬೈಟ್. ಡಿಸ್ಕಿನ ಮೊದಲ ತುಣುಕಾದ ಸೆಕ್ಟರಿನ 512 ಬೈಟುಗಳಲ್ಲಿ 446 ಯಂತ್ರವನ್ನು ಶುರುಮಾಡುವ ಬೂಟ್ ಕೋಡಿಗೆ, ಕೊನೆಯ ಎರಡು 55 ಎಎ ಎಂಬ ಗುರುತಿಗೆ, ನಡುವಿನವು ತಲಾ 16 ಬೈಟಿನ ನಾಲ್ಕು ನಮೂದುಗಳಿಗೆ. 1983ರಲ್ಲಿ 10 ಮೆಗಾಬೈಟ್ ಡಿಸ್ಕ್ ಹೊತ್ತು ಬಂದ ಐಬಿಎಂ ಎಕ್ಸ್‌ಟಿ ಮತ್ತು ಡಾಸ್ 2.0ರ ಕಾಲದ ಏರ್ಪಾಡಿದು. ಉದ್ದ ಬರೆಯಲು 32 ಬಿಟ್ ಸಾಕೆಂದುಕೊಂಡಿದ್ದರಿಂದ 2.2 ಲಕ್ಷ ಕೋಟಿ ಬೈಟಿನಾಚೆ ಇದಕ್ಕೆ ಕಣ್ಣು ಕಾಣದು. ಇನ್ನೊಂದು ಡಿಸ್ಕಿನ ಬೂಟ್ ಕೋಡನ್ನು 'ಡಿಡಿ' ಎಂಬ ನಕಲು ಆಜ್ಞೆಯಿಂದ ತರುವಾಗ 446 ಎನ್ನುವ ಬದಲು 512 ಎಂದರೆ ಸಾಕು, ಆ ಡಿಸ್ಕಿನ ಟೇಬಲ್ಲೂ ಬಂದು ಇಲ್ಲಿದ್ದದ್ದನ್ನು ಅಳಿಸಿ ಕೂರುತ್ತದೆ.

ಆದರೆ ಅಳಿದದ್ದು ಪಹಣಿ ಮಾತ್ರ. ಹೊಲದಲ್ಲಿ ಬಾಂದುಕಲ್ಲುಗಳು ನೆಟ್ಟ ಹಾಗೇ ಇವೆ. ನನಗೆ ಬಹಳ ಇಷ್ಟವಾದ ಸಂಗತಿ ಇದೇ. ಎಕ್ಸ್‌ಟಿ4 ಪಾರ್ಟಿಷನ್ ಶುರುವಾದ 1024 ಬೈಟಿನ ನಂತರ ಫೈಲ್ ಸಿಸ್ಟಂನ ವಿವರ ಹೊತ್ತ ಸೂಪರ್‌ಬ್ಲಾಕ್ ಬರುತ್ತದೆ, ಅದರೊಳಗೆ 56 ಬೈಟ್ ದಾಟಿದರೆ 53 ಇಎಫ್ ಎಂಬ ಜೋಡಿ ಬೈಟು. ಅದು ಸಿಕ್ಕಿದಲ್ಲಿಂದ 1080 ಬೈಟ್ ಹಿಂದೆ ನಡೆದರೆ ಪಾರ್ಟಿಷನ್ನಿನ ಬಾಗಿಲು. ಬ್ಲಾಕಿನ ಗಾತ್ರ, ಒಟ್ಟು ಬ್ಲಾಕುಗಳು ಅಲ್ಲೇ ಬರೆದಿರುವುದರಿಂದ ಫೈಲ್ ಸಿಸ್ಟಂ ಎಲ್ಲಿಗೆ ಮುಗಿಯುತ್ತದೆ ಎಂಬುದೂ ಗೊತ್ತಾಯಿತು.

ಎರಡೇ ಬೈಟಿನ ಗುರುತು ಆಕಸ್ಮಿಕವಾಗಿಯೂ ಸಿಗಬಹುದಲ್ಲ? ಸಿಗುತ್ತದೆ, ಗೊತ್ತುಗುರಿಯಿಲ್ಲದ ದತ್ತಾಂಶದಲ್ಲಿ 65,536ಕ್ಕೊಮ್ಮೆ. ಅದಕ್ಕೇ ಟೆಸ್ಟ್‌ಡಿಸ್ಕ್‌ನಂಥ ಉಪಕರಣ ಸುತ್ತಲಿನ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುತ್ತದೆ. ಇನ್ನೂ ಚೆಂದವೆಂದರೆ ಸೂಪರ್‌ಬ್ಲಾಕಿನ ನಕಲುಗಳು. ಎಕ್ಸ್‌ಟಿ4 ತನ್ನ ಬ್ಲಾಕುಗಳನ್ನು ಗುಂಪುಗಳಾಗಿ ಹಂಚಿ ಸೊನ್ನೆಯಿಂದ ಎಣಿಸುತ್ತದೆ. ಸಾಮಾನ್ಯವಾಗಿ ನಕಲುಗಳು 1ನೇ ಗುಂಪಿನಲ್ಲೂ 3, 5, 7ರ ಘಾತಗಳಾದ ಗುಂಪುಗಳಲ್ಲೂ ಇರುತ್ತವೆ: 9, 25, 27, 49 ಹೀಗೆ. ತಾನು ಎಷ್ಟನೆಯ ಗುಂಪಿನದು ಎಂದು ಪ್ರತಿ ನಕಲೂ ಬರೆದುಕೊಂಡಿರುತ್ತದೆ. 4 ಕಿಲೋಬೈಟ್ ಬ್ಲಾಕಿನ ಡಿಸ್ಕಿನಲ್ಲಿ ಒಂದು ಗುಂಪಿಗೆ 32,768 ಬ್ಲಾಕ್. ಮೊದಲ ಸೂಪರ್‌ಬ್ಲಾಕೇ ನಾಶವಾಗಿದ್ದರೂ, ಮೂರನೇ ಗುಂಪಿನ ನಕಲು ಕಣ್ಣಿಗೆ ಬಿದ್ದರೆ 32,768ರ ಮೂರರಷ್ಟು ಬ್ಲಾಕ್ ಹಿಂದೆ ಎಣಿಸಿದರಾಯಿತು. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂ ಆದರೋ ಮೊದಲ ನಾಲ್ಕು ಬೈಟಿನಲ್ಲೇ ತನ್ನ ಹೆಸರು ಹೇಳುತ್ತದೆ.

ಎಂಬಿಆರ್ ನಂತರ ಬಂದ ಜಿಪಿಟಿ ಪದ್ಧತಿಯಲ್ಲಿ ಇಷ್ಟು ಪತ್ತೇದಾರಿಕೆ ಬೇಡ. ಟೇಬಲ್ಲಿನ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ, ಜಿಡಿಸ್ಕ್ ಎಂಬ ಉಪಕರಣ ಅದನ್ನು ಮುಂದಕ್ಕೆ ತರುತ್ತದೆ. ಕೆಲವೊಮ್ಮೆ ಟೇಬಲ್ ಕೆಟ್ಟೇ ಇರುವುದಿಲ್ಲ. ಕೆಲವು ಯುಎಸ್‌ಬಿ ಪೆಟ್ಟಿಗೆಗಳು ಸೆಕ್ಟರ್ 4096 ಬೈಟಿನದೆಂದು ಕಂಪ್ಯೂಟರಿಗೆ ಹೇಳುತ್ತವೆ. 512 ಬೈಟಿನ ಲೆಕ್ಕದಲ್ಲಿ ಟೇಬಲ್ ಬರೆದ ಡಿಸ್ಕಾದರೆ, ಕಂಪ್ಯೂಟರ್ ಎರಡನೇ ಸೆಕ್ಟರೆಂದು ತಪ್ಪು ಜಾಗದಲ್ಲಿ ಅದನ್ನು ಹುಡುಕುತ್ತದೆ. ಡಿಸ್ಕನ್ನು ಪೆಟ್ಟಿಗೆಯಿಂದ ತೆಗೆದು ಕಂಪ್ಯೂಟರಿನೊಳಗಿನ ಸಾಟಾ ಕಿಂಡಿಗೆ ನೇರ ಜೋಡಿಸಿದರೆ ಎಲ್ಲವೂ ಕಾಣುತ್ತದೆ.

ಟೇಬಲ್ ಅಳಿಸಿದ ಯಂತ್ರ ಇನ್ನೂ ಓಡುತ್ತಿದ್ದರೆ ದಯವಿಟ್ಟು ರೀಬೂಟ್ ಮಾಡಬೇಡಿ. ಲಿನಕ್ಸ್ ಕರ್ನೆಲ್ ಹಳೆಯ ಗಡಿಗಳನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. 'ಸಿಸ್' ಡೈರೆಕ್ಟರಿಯ 'ಬ್ಲಾಕ್' ಅಡಿಯಲ್ಲಿ ಪ್ರತಿ ಪಾರ್ಟಿಷನ್ನಿನ 'ಸ್ಟಾರ್ಟ್', 'ಸೈಜ್' ಅಂಕಿಗಳನ್ನು ಓದಿ ಕಾಗದದಲ್ಲಿ ಬರೆದುಕೊಳ್ಳಬಹುದು. ಇಲ್ಲವಾದರೆ ಡಿಡಿ-ರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ನಕಲು ತೆಗೆದು, ಹುಡುಕಾಟವನ್ನು ಅದರ ಮೇಲೆ ನಡೆಸಬೇಕು. ಊಹಿಸಿದ ಆರಂಭಕ್ಕೆ ಲೂಪ್ ಸಾಧನ (ಫೈಲನ್ನೇ ಡಿಸ್ಕಿನಂತೆ ತೋರಿಸುವ ಏರ್ಪಾಡು) ಜೋಡಿಸಿ, ಓದಲು ಮಾತ್ರ ಎಂಬ ಷರತ್ತಿನಲ್ಲಿ ಮೌಂಟ್ ಮಾಡಿ ನೋಡಿ. ಫೈಲುಗಳು ಕಾಣಿಸಿದರೆ ಎಸ್‌ಎಫ್‌ಡಿಸ್ಕ್‌ಗೆ ಅಂಕಿಗಳನ್ನು ಕೊಟ್ಟು ಟೇಬಲ್ ಬರೆಸಬಹುದು. ಕಾಣಿಸದಿದ್ದರೆ ಲೆಕ್ಕ ತಪ್ಪಿರಬಹುದು. ಮೂಲ ಡಿಸ್ಕಿನ ಮೇಲೆ ಇನ್ನೂ ಒಂದು ಬೈಟನ್ನೂ ಬರೆದಿಲ್ಲವಾದ್ದರಿಂದ ಅಂಕಿ ಬದಲಿಸಿ ಮತ್ತೆ ನೋಡಬಹುದು.