ಬಾಯಾರಿ ಸತ್ತ ಮನಿಪ್ಲಾಂಟ್ ಅಪರೂಪ

ನಾನು ತುಮಕೂರಿನಲ್ಲಿ ನರ್ಸರಿ ನಡೆಸುವವನು. ಗಿಡ ಕೊಳ್ಳಲು ಬರುವವರಷ್ಟೇ ಗಿಡ ತೋರಿಸಲು ಬರುವವರೂ ಇದ್ದಾರೆ. ಮೊನ್ನೆ ಹೆಂಗಸೊಬ್ಬರು ಮನಿಪ್ಲಾಂಟಿನ ಕುಂಡವನ್ನೇ ಸ್ಕೂಟರಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಬಂದರು. ಎಲೆ ಹಳದಿ, ಬಳ್ಳಿ ಜೋಲು. “ದಿನಾ ತಪ್ಪದೆ ನೀರು ಹಾಕ್ತೀನಿ ಕಣಣ್ಣ, ಆದ್ರೂ ಹಿಂಗಾಗೈತೆ” ಅಂದರು. ರೋಗ ಏನೆಂದು ಅವರ ಬಾಯಲ್ಲೇ ಬಂದಿತ್ತು. ಕುಂಡ ಬೋರಲು ಹಾಕಿ ತಟ್ಟಿದೆ. ಕೆಮ್ಮಣ್ಣು ಹಸಿ ಇಟ್ಟಿಗೆಯ ಹಾಗೆ ಒಂದೇ ಮುದ್ದೆಯಾಗಿ ಬಿತ್ತು. ಬೇರು ಮುಟ್ಟಿದರೆ ಸಿಪ್ಪೆ ಸುಲಿದು ಬೆರಳಿಗೆ ಅಂಟುತ್ತಿತ್ತು.

ಬೇರಿಗೆ ನೀರು ಬೇಕಾದಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿ ನಿಂತರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದು, ಹಾಗಾಗಿ ಎಲೆ ಬಾಡುತ್ತದೆ. ಬಾಡಿದ್ದು ಕಂಡು ಮನೆಯವರು ಇನ್ನೊಂದು ಚೊಂಬು ಸುರಿಯುತ್ತಾರೆ! ಬೆರಳನ್ನು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು, ಅದೂ ಕುಂಡದ ತಳದಿಂದ ಹೊರಬರುವಷ್ಟು. ಚೈತ್ರ ವೈಶಾಖದ ಸೆಕೆಗೆ ವಾರಕ್ಕೆ ಎರಡು ಸಲ ಬೇಕಾದೀತು, ಮಾಗಿಯ ಚಳಿಯಲ್ಲಿ ಹತ್ತು ದಿನಕ್ಕೊಮ್ಮೆ ಸಾಕಾದೀತು. ವಾರ ನೋಡಿ ನೀರು ಹಾಕುವ ಲೆಕ್ಕ ನನಗೆ ಹಿಡಿಸುವುದಿಲ್ಲ.

ಹಾಗಿದ್ದರೆ ಬಾಟಲಿಯ ಬರೀ ನೀರಲ್ಲಿ ಇದೇ ಗಿಡ ವರ್ಷಗಟ್ಟಲೆ ಬದುಕುವುದು ಹೇಗೆ? ಎಲ್ಲರೂ ಕೇಳುತ್ತಾರೆ, ಕೇಳಬೇಕಾದದ್ದೇ. ನೀರಲ್ಲಿ ಹುಟ್ಟಿದ ಬೇರು ನೀರೊಳಗೆ ಕರಗಿದ ಆಮ್ಲಜನಕಕ್ಕೆ ಹೊಂದಿಕೊಂಡೇ ಬೆಳೆದಿರುತ್ತದೆ. ಮಣ್ಣಿನ ಬೇರನ್ನು ಏಕಾಏಕಿ ಕೆಸರಲ್ಲಿ ಮುಳುಗಿಸಿದರೆ ಆ ಪುರುಸೊತ್ತು ಸಿಗುವುದಿಲ್ಲ, ಜೊತೆಗೆ ಮಣ್ಣಿನ ಶಿಲೀಂಧ್ರಗಳೂ ಮುತ್ತುತ್ತವೆ. ಬಾಟಲಿಯ ನೀರನ್ನು ವಾರದೊಳಗೆ ಬದಲಿಸಿ. ಗಿಡಕ್ಕಾಗಿ ಅಷ್ಟೇ ಅಲ್ಲ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಲ್ಲೇ.

ಮಣ್ಣಿನ ವಿಚಾರದಲ್ಲಿ ನಮ್ಮ ಜಿಲ್ಲೆಯವರು ಪುಣ್ಯವಂತರು. ತಿಪಟೂರು ಕಡೆ ತೆಂಗಿನ ನಾರಿಗೇನು ಬರವೇ? ನಾನು ಹಾಕುವುದು ನಾರಿನ ಪುಡಿ ಎರಡು ಪಾಲು, ಕೆಮ್ಮಣ್ಣು ಒಂದು, ಎರೆಗೊಬ್ಬರ ಒಂದು, ಮೇಲೆ ಬೆರಳ ಗಾತ್ರದ ಮಟ್ಟೆ ಚೂರು ಒಂದೆರಡು ಹಿಡಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ನೀರಲ್ಲಿ ತೊಳೆದು ಹಿಂಡಿಯೇ ಬಳಸಬೇಕು.

ಉಪ್ಪು ಅಂದಾಗ ಬೋರ್ ನೀರಿನ ಮಾತು ಬರಲೇಬೇಕು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಸಿಕ್ಕವರಿಗೆ ಚಿಂತೆಯಿಲ್ಲ. ಗಡಸು ಬೋರ್ ನೀರು ಹಾಕುವವರ ಕುಂಡದ ಅಂಚಿಗೆ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ, ಎಲೆಯ ತುದಿ ಸುಟ್ಟಂತೆ ಕಂದಾಗುತ್ತದೆ. ಮಳೆನೀರು ಹಿಡಿದಿಟ್ಟು ತಿಂಗಳಿಗೊಮ್ಮೆ ಧಾರಾಳವಾಗಿ ಸುರಿದು ತಳದಿಂದ ಹರಿದುಹೋಗಲು ಬಿಡಿ. ಫಿಲ್ಟರ್ ಯಂತ್ರ ಹೊರಗೆ ಬಿಡುವ ನೀರು ಮಾತ್ರ ಬೇಡವೇ ಬೇಡ. ಬೋರಿನ ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ.

ಕತ್ತಲ ಮೂಲೆಯಲ್ಲೂ ಸಾಯುವುದಿಲ್ಲ ನಿಜ, ಆದರೆ ಎಲೆಯ ಹಳದಿ ಗೆರೆ ಮಾಸಿ ಬರೀ ಹಸಿರಾಗುತ್ತದೆ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಜಾಗ ಒಳ್ಳೆಯದು.

ಇನ್ನು ಶೋಕೇಸಿನ ಮೇಲಿಂದ ಇಳಿಬಿಡುವ ಚೆಂದ. ಇದು ಕೆಸುವಿನ ಕುಟುಂಬದ್ದು, ಶಾಂತಸಾಗರದ ಮೊರೆಯಾ ದ್ವೀಪ ಇದರ ತವರು. ಮರ ಹತ್ತುವುದು ಇದರ ಸ್ವಭಾವ. ಹತ್ತಿದಷ್ಟೂ ಎಲೆ ದೊಡ್ಡದು, ಜೋತುಬಿದ್ದಷ್ಟೂ ಚಿಕ್ಕದು. ತೋಟದಲ್ಲಿ ತೆಂಗಿನ ಮರ ಹತ್ತಿದ, ಮೊರದಗಲದ ಸೀಳೆಲೆ ತೋರಿಸಿ ಇದೂ ಮನಿಪ್ಲಾಂಟೇ ಅಂದರೆ ಯಾರೂ ನಂಬುವುದಿಲ್ಲ. ಇಳಿಬಿಟ್ಟೇ ಬೆಳೆಸುವುದಾದರೆ ತುದಿ ಚಿವುಟುತ್ತಿರಬೇಕು. ತುದಿಯ ಕುಡಿ ಇರುವ ತನಕ ಅದು ಪಕ್ಕದ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ, ಬಳ್ಳಿ ಒಂದೇ ಎಳೆಯಾಗಿ ಹಗ್ಗದಂತೆ ಬೋಳಾಗುತ್ತದೆ. ಕತ್ತರಿಸಿದ ತುಂಡನ್ನು ಅದೇ ಕುಂಡದಲ್ಲಿ ಗೆಣ್ಣು ಮಣ್ಣಿಗೆ ತಾಗುವಂತೆ ಊರಿದರೆ ಬುಡವೂ ತುಂಬಿಕೊಳ್ಳುತ್ತದೆ. ಗೆಣ್ಣಿಲ್ಲದ ಎಲೆ ನೀರಲ್ಲಿ ಬೇರು ಬಿಟ್ಟರೂ ಬಳ್ಳಿಯಾಗದು. ಕದ್ದು ತಂದ ಮನಿಪ್ಲಾಂಟೇ ಚಿಗುರುವುದು ಎನ್ನುತ್ತಾರಲ್ಲ, ಕಳ್ಳರು ಬಳ್ಳಿಯನ್ನು ಗೆಣ್ಣು ಸಮೇತ ಮುರಿಯುತ್ತಾರೆ, ಅಷ್ಟೇ. ನರ್ಸರಿಯವನ ಹೊಟ್ಟೆ ಮೇಲೆ ಹೊಡೆಯುವ ನಂಬಿಕೆ ಅದು.

ಕೆಸುವಿನ ಹಾಗೇ ಇದರ ರಸವೂ ತುರಿಸುತ್ತದೆ. ಅಂಬೆಗಾಲಿಡುವ ಮಗು, ನಾಯಿಮರಿ ಇರುವ ಮನೆಯಲ್ಲಿ ಬಳ್ಳಿ ಕೈಗೆಟುಕದಂತೆ ಇರಲಿ.

ಆ ಹೆಂಗಸಿನ ಗಿಡದ ಬುಡ ಉಳಿಯುವಂತಿರಲಿಲ್ಲ. ಬಳ್ಳಿಯಲ್ಲಿ ಗಟ್ಟಿಯಿದ್ದ ಕಡೆ ಎರಡೆರಡು ಗೆಣ್ಣಿಗೆ ಕತ್ತರಿಸಿ ಐದು ತುಂಡು ಮಾಡಿ, ನೀರಿನ ಬಾಟಲಿಗೆ ಹಾಕಿ ಕೊಟ್ಟೆ. “ಮೂರು ವಾರಕ್ಕೆ ಬೇರು ಬರ್ತದೆ, ಆಮೇಲೆ ತನ್ನಿ, ಮಣ್ಣಿಗೆ ಹಾಕೋಣ” ಅಂದೆ. ಸ್ಕೂಟರ್ ಹತ್ತಿದವರು ತಿರುಗಿ ಕೇಳಿದರು: “ಅಲ್ಲೀ ತನಕ ದಿನಾ ಸ್ವಲ್ಪ ನೀರು ಹಾಕ್ಲಾ?”