ಮರಿಗಳನ್ನು ಹೊರಗಿನ ಗೂಡಿಗೆ ಯಾವಾಗ ಬಿಡಬೇಕು?

ಪ್ರಶ್ನೆ: ಇಪ್ಪತ್ತು ಗಿರಿರಾಜ ತಳಿಯ ಕೋಳಿಮರಿ ತಂದು ಮೂರು ವಾರವಾಯಿತು. ಒಳಗಿನ ಕೋಣೆಯಲ್ಲಿ ಬಲ್ಬ್ ಹಾಕಿ ಇಟ್ಟಿದ್ದೇವೆ. ವಾಸನೆ ತಡೆಯಲು ಆಗುತ್ತಿಲ್ಲ. ಹಿತ್ತಿಲ ಗೂಡಿಗೆ ಈಗಲೇ ಬಿಡಬಹುದೇ? (ಅಂಕೋಲಾದ ಓದುಗರು)

ಬೇಡ. ಇನ್ನು ಮೂರು ವಾರ ತಡೆಯಿರಿ. ವಾಸನೆಗೆ ಒದ್ದೆ ಉಮಿಯನ್ನು ತೆಗೆದು ಒಣ ಉಮಿ ಹಾಸಿ. ಪ್ರತಿ ವರ್ಷ ಮೇ ಕೊನೆಗೆ ಇದೇ ಉತ್ತರ ಕೊಡುತ್ತೇನೆ. ಮಳೆ ಹಿಡಿದು ವಾರವಾಗುವುದರೊಳಗೆ ಯಾರದಾದರೂ ಫೋನ್ ಬರುತ್ತದೆ: ಬೆಳಿಗ್ಗೆ ಬಾಗಿಲು ತೆಗೆದರೆ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿದ್ದವಂತೆ.

ಒಂದು ಮರಿಯನ್ನು ಕೈಗೆತ್ತಿಕೊಂಡು ನೋಡಿ. ಮೂರು ವಾರಕ್ಕೆ ರೆಕ್ಕೆಗೆ ಗರಿ ಬಂದಿರುತ್ತದೆ, ಬಾಲವೂ ಮೂಡಿರುತ್ತದೆ. ಮೇಲಿಂದ ನೋಡಿದರೆ ಪುಟ್ಟ ಕೋಳಿಯೇ. ಅಂಗೈಯಲ್ಲಿ ಅಂಗಾತ ಮಾಡಿ ಎದೆಯ ಮೇಲೆ ಮೆಲ್ಲಗೆ ಊದಿ. ತುಪ್ಪುಳು ಎರಡು ಕಡೆ ಸರಿದು ಎಳೆ ಚರ್ಮ ಕಾಣುತ್ತದೆ. ಅಲ್ಲಿ ಗರಿ ಒತ್ತಾಗಿ, ಊದಿದರೂ ಚರ್ಮ ಕಾಣದಂತಾದಾಗ ಮರಿ ಹೊರಗೆ ಹೋಗಬಹುದು. ಸಾಮಾನ್ಯವಾಗಿ ಅದು ಆರನೇ ವಾರ.

ಇಷ್ಟು ಹೇಳಿದ ಕೂಡಲೇ ಎದುರು ಬರುವ ಮಾತು ಒಂದೇ. "ನಮ್ಮ ಅಜ್ಜಿ ಕಾಲದಲ್ಲಿ ಬಲ್ಬ್ ಎಲ್ಲಿತ್ತು ಮಾರಾಯ್ರೆ? ಒಡೆದ ಮರುದಿನವೇ ಮರಿ ಅಂಗಳದಲ್ಲಿ ಓಡಾಡ್ತಿತ್ತು. ಹೊರಗೆ ಬಿಟ್ಟರೇ ಗಟ್ಟಿ ಆಗೋದು."

ಅಜ್ಜಿಯ ಮರಿಗಳ ಜೊತೆ ಹೇಂಟೆ ಇತ್ತು. ಈ ವಾದ ಮಾಡುವವರೆಲ್ಲ ಮರೆಯುವುದು ಅದನ್ನೇ. ಹೇಂಟೆಯ ಮೈ ಬಿಸಿ ಸುಮಾರು 41 ಡಿಗ್ರಿ. ನಮ್ಮ ಮನೆಯ ಕರಿ ಹೇಂಟೆ ಮರಿ ಮಾಡಿದಾಗ ಒಂದು ಜಿಟಿಜಿಟಿ ಮಳೆಯ ಬೆಳಿಗ್ಗೆ ಜಗಲಿಯಲ್ಲಿ ಕೂತು ನೋಡಿದ್ದೇನೆ. ಸ್ವಲ್ಪ ಹೊತ್ತು ಕೆದಕುತ್ತದೆ, ಗೊರಗೊರ ಎಂದು ಕರೆದು ಕೂರುತ್ತದೆ, ಮರಿಗಳೆಲ್ಲ ಹೊಟ್ಟೆಯಡಿ ನುಗ್ಗುತ್ತವೆ. ರೆಕ್ಕೆ ಸಂದಿನಿಂದ ಒಂದೆರಡು ತಲೆ ಮಾತ್ರ ಹೊರಗೆ. ಕಾವು ಸಿಕ್ಕ ಮೇಲೆ ಮತ್ತೆ ಓಟ. ಬೆಳಗಿಡೀ ಹೀಗೆಯೇ ನಡೆಯಿತು. ಅಂಗಳದಲ್ಲಿ ಓಡುವ ಮರಿಯನ್ನಷ್ಟೇ ಕಂಡವರು, ಅದು ನಡುನಡುವೆ ಒಳಗೆ ಹೊಕ್ಕು ಮೈ ಕಾಯಿಸಿಕೊಂಡಿದ್ದನ್ನು ಕಂಡಿಲ್ಲ.

ರಾತ್ರಿಯಾದರೂ ಅಜ್ಜಿ ಅವನ್ನು ಹೊರಗೆ ಬಿಡುತ್ತಿದ್ದಳೇ? ನಮ್ಮಜ್ಜಿ ಹೇಂಟೆ, ಮರಿ ಎಲ್ಲವನ್ನೂ ಸೇರಿಸಿ ಬುಟ್ಟಿ ಕವುಚುತ್ತಿದ್ದದ್ದು ಬಚ್ಚಲ ಒಲೆಯ ಪಕ್ಕ. ಅಷ್ಟು ಮಾಡಿಯೂ ಹನ್ನೆರಡರಲ್ಲಿ ಐದು ಉಳಿದರೆ "ಈ ಸಲ ಅಡ್ಡಿಲ್ಲ" ಎನ್ನುತ್ತಿದ್ದಳು. ಹೇಂಟೆ ಮರಿಗಳನ್ನು ಕುಕ್ಕಿ ದೂರ ಮಾಡುವುದು ಯಾವಾಗ ಎಂದು ಒಮ್ಮೆ ಗಮನಿಸಿ. ಐದಾರು ವಾರದ ಮೇಲೆ, ಎದೆಯ ಗರಿ ತುಂಬಿದ ಹೊತ್ತಿಗೆ. ಹ್ಯಾಚರಿಯಿಂದ ಪೆಟ್ಟಿಗೆಯಲ್ಲಿ ಬಂದ ಮರಿಗೆ ಅಲ್ಲಿಯ ತನಕ ತಾಯಿ ಎಂದರೆ ನಿಮ್ಮ ಬಲ್ಬ್.

"ಕರಾವಳಿಯ ಸೆಕೆಯೇ ಸಾಲದೇ?" ಎಂದೂ ಕೇಳುತ್ತಾರೆ. ಮೊದಲ ವಾರ ಮರಿಗೆ 32ರಿಂದ 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಮೇ ತಿಂಗಳ ಒಣ ರಾತ್ರಿಯಾದರೆ ಈ ಮಾತು ಅಷ್ಟಿಷ್ಟು ನಿಲ್ಲುತ್ತದೆ. ಮೃಗಶಿರ ಮಳೆಯ ಎರಚಲು ಬಡಿಯಿತೆಂದರೆ ಇಲ್ಲ. ತುಪ್ಪುಳು ನೆನೆದು ಅಂಟಿಕೊಂಡರೆ ಮೈ ಬರಿಮೈ ಇದ್ದಂತೆ. ಗಾಳಿ ಬೀಸಿದರೆ 25 ಡಿಗ್ರಿಯಲ್ಲೂ ಮರಿ ಸೆಟೆಯುತ್ತದೆ. ಒದ್ದೆ ಉಮಿಯಲ್ಲಿ ರಕ್ತಭೇದಿಯ ಕಾಟ ಬೇರೆ. ದೇವಿಮನೆ ಘಟ್ಟ ಹತ್ತಿದ ಶಿರಸಿಯವರು ಮಳೆಗಾಲದಲ್ಲೂ ಚಳಿಗಾಲದಲ್ಲೂ ಇನ್ನೊಂದು ವಾರ ಸೇರಿಸಿಕೊಳ್ಳಿ.

ನಾಲ್ಕನೇ ವಾರ ಹಗಲಿಗೆ ಬಲ್ಬ್ ಆರಿಸಿ. ಬಿಸಿಲಿದ್ದರೆ ಎರಡು ತಾಸು ಅಂಗಳದಲ್ಲಿ ಬಲೆಯೊಳಗೆ ಬಿಡಿ. ಐದನೇ ವಾರ ರಾತ್ರಿಯೂ ಆರಿಸಿ, ಮರಿಗಳು ಗುಂಪುಗಟ್ಟಿ ಚೀರುತ್ತವೆಯೋ, ಹರಡಿ ಮಲಗುತ್ತವೆಯೋ ನೋಡಿ. ಚೀರಿದರೆ ಮತ್ತೆ ಹಾಕಿ. ಗೂಡಿನ ಮಾಡು ಎರಚಲು ಬಾರದಷ್ಟು ಮುಂದೆ ಚಾಚಿರಲಿ. ಆದರೆ ನಾಲ್ಕೂ ಕಡೆ ತಾಡಪತ್ರಿ ಬಿಗಿಯಬೇಡಿ, ಹಿಕ್ಕೆಯ ಘಾಟು ಹೊರಗೆ ಹೋಗಲು ಮೇಲ್ಗಡೆ ಸಂದು ಬೇಕು. ಬಲೆಯ ಕಣ್ಣು ಅರ್ಧ ಇಂಚು ದಾಟದಿರಲಿ. ಅಡಿಕೆ ದಬ್ಬೆಯ ಗೂಡು ಕಟ್ಟಿದವರು ಒಳಗಿನಿಂದ ಬಲೆ ಹೊಡೆಯಿರಿ. ದಬ್ಬೆಯ ಸಂದಿನಲ್ಲಿ ಕೇರೆ ಹಾವು ಸಲೀಸಾಗಿ ನುಗ್ಗುತ್ತದೆ.

ನೀವು ಕೇಳದ ಇನ್ನೊಂದು ವಿಷಯವಿದೆ. ಹೊಸ ಗೂಡಿಗೆ ಹೋದ ಮರಿಗೆ ಅದು ತನ್ನ ಮನೆ ಎಂದು ಗೊತ್ತಿರುವುದಿಲ್ಲ. ಮೊದಲ ದಿನವೇ ಬಾಗಿಲು ತೆರೆದಿಟ್ಟರೆ ಸಂಜೆ ಬಾಳೆ ಬುಡದಲ್ಲೋ ಕಟ್ಟಿಗೆ ರಾಶಿಯ ಹಿಂದೋ ಕೂತುಬಿಡುತ್ತವೆ, ಮುಂಗುಸಿಗೆ ಊಟವಾಗುತ್ತವೆ. ಒಂದು ವಾರ ಗೂಡಿನೊಳಗೇ ನೀರು, ಆಹಾರ ಕೊಟ್ಟು ಕೂಡಿಡಿ. ಎಂಟನೇ ದಿನ ಸಂಜೆ ನಾಲ್ಕೂವರೆಗೆ, ಹೊಟ್ಟೆ ಹಸಿದಿರುವಾಗ ಬಿಡಿ. ಕತ್ತಲಾಗುವ ಮುಂಚೆ ನುಚ್ಚಿನ ಡಬ್ಬಿಯನ್ನು ಗೂಡಿನೊಳಗೆ ಅಲ್ಲಾಡಿಸಿ. ಹತ್ತೋ ಹನ್ನೆರಡೋ ತಾವಾಗಿ ಒಳಗೆ ಬರುತ್ತವೆ. ಉಳಿದವನ್ನು ಆ ದಿನ ಟಾರ್ಚ್ ಹಿಡಿದು ಹುಡುಕಿ, ಎತ್ತಿ ತಂದು ಒಳಗೆ ಬಿಡಬೇಕು.